ಐನೂರು ರೂಪಾಯಿಯೊಳಗೆ ಕಾರವಾರಕ್ಕೆ ರಾಕ್ಷಸ ಏಡಿ ಬಿಡುವುದು ಹೇಗೆ

ಕೋಟಿಗಟ್ಟಲೆ ಸುರಿದು ಕಂಪ್ಯೂಟರಿನಲ್ಲಿ ಮಾಡಿದ ದೈತ್ಯ ಪ್ರಾಣಿಯನ್ನು ನೋಡಿದರೆ 'ಅಬ್ಬಾ' ಅಂದು ಸುಮ್ಮನಾಗುತ್ತೇವೆ. ರಟ್ಟು, ಬಟ್ಟೆ, ದಾರದಲ್ಲಿ ಮಾಡಿದ್ದನ್ನು ನೋಡಿದರೆ ಮಾತ್ರ 'ಇದನ್ನು ನಾವೂ ಮಾಡಬಹುದಲ್ವಾ' ಅನ್ನಿಸುತ್ತದೆ. ಮಾಡಬಹುದು. ದೀಪಾವಳಿ ಬಂದರೆ ಓಣಿಯ ಹುಡುಗರ ಜೊತೆ ಹುಲ್ಲು, ಬಿದಿರು, ಹಳೆ ಪೇಪರಿನಲ್ಲಿ ನರಕಾಸುರನನ್ನು ಕಟ್ಟುವವನು ನಾನು. ಕಾರವಾರಕ್ಕೆ ರಾಕ್ಷಸ ಏಡಿ ನುಗ್ಗುವ ಪುಟ್ಟ ಸಿನಿಮಾ ತೆಗೆಯಲೂ ಆ ಕೈಕೆಲಸವೇ ಸಾಕು. ಜೊತೆಗೆ ಸ್ಲೋ ಮೋಷನ್ ಇರುವ ಒಂದು ಫೋನ್ ಬೇಕು, ಅಷ್ಟೇ.

ಏಡಿಯನ್ನೇ ಆರಿಸಿಕೊಳ್ಳಿ. ಹಲ್ಲಿ, ಡೈನೋಸಾರ್ ಅಂದರೆ ಕಣ್ಣು, ಬಾಯಿ, ಕುತ್ತಿಗೆ ಎಲ್ಲ ಅಲ್ಲಾಡಬೇಕು. ಏಡಿಗೆ ಮುಖಭಾವದ ಗೋಜಿಲ್ಲ. ಮೀನು ಮಾರ್ಕೆಟ್ಟಿನಿಂದ ಬೆನ್ನ ಮೇಲೆ ಮೂರು ಚುಕ್ಕೆ ಇರುವ ಏಡಿ ತನ್ನಿ. ಸಾರಿಗೆ ಹಾಕುವ ಮುಂಚೆ ಎಲ್ಲ ಕಡೆಯಿಂದ ಫೋಟೊ ತೆಗೆದುಕೊಳ್ಳಿ. ತಿಂದಾದ ಮೇಲೆ ಕಾಲಿನ ಚಿಪ್ಪುಗಳನ್ನು ಎಸೆಯಬೇಡಿ. ಕುದಿಸಿ, ಚೆನ್ನಾಗಿ ಬಿಸಿಲಿಗೆ ಒಣಗಿಸಿ. ಇಲ್ಲದಿದ್ದರೆ ಬೆಕ್ಕುಗಳೇ ನಿಮ್ಮ ಸಿನಿಮಾದ ದೈತ್ಯರಾಗುತ್ತವೆ.

ಒಂದು ಅಡಿ ಅಗಲದ ಹಳೆ ಬುಟ್ಟಿ ಬೋರಲು ಹಾಕಿ. ಮೈದಾ ಅಂಟಿನಲ್ಲಿ ಪೇಪರ್ ಅದ್ದಿ ಮೂರು ನಾಲ್ಕು ಪದರ ಹಚ್ಚಿ. ಒಂದು ಪದರ ಒಣಗಿದ ಮೇಲೆಯೇ ಇನ್ನೊಂದು. ಕಾಲುಗಳಿಗೆ ತಂತಿ, ಅದರ ಮೇಲೆ ಸುತ್ತಿದ ಪೇಪರ್. ಕೀಲುಗಳ ಹತ್ತಿರ ಆ ನಿಜವಾದ ಚಿಪ್ಪಿನ ಚೂರುಗಳನ್ನು ಅಂಟಿಸಿ. ಕ್ಯಾಮೆರಾ ಹತ್ತಿರ ಹೋದಾಗ ಕಣ್ಣು ಮೊದಲು ಹೋಗುವುದು ಅಲ್ಲಿಗೆ. ಆಯಿಲ್ ಪೇಂಟ್ ಒಣಗಿದ ಮೇಲೆ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿದರೆ ಈಗಷ್ಟೇ ಸಮುದ್ರದಿಂದ ಎದ್ದ ಹೊಳಪು ಬರುತ್ತದೆ. ನೀರು ಚಿಮುಕಿಸಬೇಡಿ. ನೀರಿನ ಹನಿ ನಮ್ಮ ಅಳತೆಗೆ ತಕ್ಕಂತೆ ಚಿಕ್ಕದಾಗುವುದಿಲ್ಲ. ನೂರು ಅಡಿ ಏಡಿಯ ಬೆನ್ನ ಮೇಲೆ ಕುಂಬಳಕಾಯಿ ಗಾತ್ರದ ಹನಿ ಕಂಡರೆ ಕಥೆ ಮುಗಿಯಿತು.

ಕಾಲು ಎಷ್ಟಿರಬೇಕು? ಕ್ಯಾಮೆರಾಕ್ಕೆ ಕಾಣುವ ಕಡೆ ಇದ್ದರೆ ಸಾಕು. 1955ರಲ್ಲಿ ಹಾಲಿವುಡ್ಡಿನ ಸ್ಪೆಷಲ್ ಎಫೆಕ್ಟ್ಸ್ ಕಲಾವಿದ ರೇ ಹ್ಯಾರಿಹೌಸೆನ್ ಒಂದು ಸಿನಿಮಾಕ್ಕೆ ದೈತ್ಯ ಆಕ್ಟೋಪಸ್ ಮಾಡಿದಾಗ ದುಡ್ಡು ಉಳಿಸಲು ಎಂಟರ ಬದಲು ಆರೇ ತೋಳು ಇಟ್ಟಿದ್ದರು. ಸ್ಯಾನ್ ಫ್ರಾನ್ಸಿಸ್ಕೊದ ಸೇತುವೆ ಕೀಳಲು ಅಷ್ಟು ಸಾಕಾಯಿತು.

ಇನ್ನು ಊರು. ಹಂಚಿನ ಮಾಡು ಸುಲಭ. ಪಾರ್ಸೆಲ್ ಬರುವ ರಟ್ಟಿನ ಡಬ್ಬಿಯನ್ನು ಸ್ವಲ್ಪ ಒದ್ದೆ ಮಾಡಿ ಮೇಲಿನ ಒಂದು ಪದರ ಸುಲಿಯಿರಿ, ಒಳಗೆ ಏರಿಳಿತದ ಗೆರೆಗಳು ಸಿಗುತ್ತವೆ. ಕೆಮ್ಮಣ್ಣು ಕಲಸಿ ಬಳಿದರೆ ಕಾರವಾರದ ಹಳೆ ಮನೆ. ಗೋಡೆ ಒಡೆಯಬೇಕಿದ್ದರೆ ತೆಳ್ಳಗೆ ತಟ್ಟಿ ಬಿಸಿಲಿಗೆ ಒಣಗಿಸಿದ ಮಣ್ಣಿನ ಹಾಳೆ ಬಳಸಿ. ಧೂಳಿಗೆ ಜರಡಿ ಹಿಡಿದ ಒಲೆಯ ಬೂದಿ. ಸಮುದ್ರದ ಮರಳು ಬೇಡ, ಅದರ ಕಾಳು ಬಂಡೆಯಂತೆ ಕಾಣುತ್ತದೆ.

ಈಗ ಅಸಲು ವಿಷಯಕ್ಕೆ ಬರೋಣ. ಎಷ್ಟೇ ಚೆಂದ ಏಡಿ ಮಾಡಿದರೂ ಅದಕ್ಕೆ ತೂಕ ಬರದಿದ್ದರೆ ಬುಟ್ಟಿ ಬುಟ್ಟಿಯೇ. ತೂಕ ಬರುವುದು ವೇಗದಿಂದ. ನೂರು ಅಡಿ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟಲು ಸುಮಾರು ಎರಡೂವರೆ ಸೆಕೆಂಡ್ ಬೇಕು. ಒಂದು ಅಡಿಯಿಂದ ಬಿದ್ದರೆ ಕಾಲು ಸೆಕೆಂಡ್. ತೆಂಗಿನಕಾಯಿ ಬೀಳುವುದನ್ನು ನೋಡುತ್ತ ಬೆಳೆದ ನಮ್ಮ ಕಣ್ಣಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ಎತ್ತರ ನೂರು ಪಟ್ಟು ಕಮ್ಮಿಯಾದರೆ ಸಮಯ ಅದರ ವರ್ಗಮೂಲದಷ್ಟು, ಅಂದರೆ ಹತ್ತು ಪಟ್ಟು ಕಮ್ಮಿಯಾಗುತ್ತದೆ. ಆದ್ದರಿಂದ ಚಿತ್ರವನ್ನು ಹತ್ತು ಪಟ್ಟು ನಿಧಾನ ಮಾಡಬೇಕು. ಸೆಕೆಂಡಿಗೆ 240 ಫ್ರೇಮ್, ಅಂದರೆ ಬಿಡಿ ಚಿತ್ರ, ಹಿಡಿದು 24ರಲ್ಲಿ ಓಡಿಸಿ, ಲೆಕ್ಕ ಸರಿಹೋಯಿತು. ಫೋನಿನಲ್ಲಿ 120 ಮಾತ್ರ ಇದ್ದರೆ ಐದು ಪಟ್ಟು ಸಿಗುತ್ತದೆ. ಆಗ ಊರನ್ನು 25ರಲ್ಲಿ ಒಂದು ಅಳತೆಗೆ ದೊಡ್ಡದಾಗಿ ಕಟ್ಟಿ. 1954ರ ಜಪಾನಿನ ದೈತ್ಯ ಪ್ರಾಣಿಯ ಸಿನಿಮಾ 'ಗಾಡ್ಜಿಲ್ಲಾ'ಕ್ಕೆ ಟೋಕಿಯೊ ಕಟ್ಟಿದ್ದೂ ಅದೇ ಅಳತೆಗೆ.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ದೈತ್ಯ ನಿಧಾನ ಅಲ್ವಾ ಅಂತ ಏಡಿಯ ಕಾಲಿಗೆ ಕಟ್ಟಿದ ದಾರವನ್ನೂ ಮೆಲ್ಲಗೆ ಎಳೆಯುತ್ತಾರೆ. ಆಗ ತೆರೆಯ ಮೇಲೆ ಏಡಿ ನಿದ್ದೆ ಮಾಡುತ್ತದೆ. ಒಂದು ಹೆಜ್ಜೆ ಐದು ಸೆಕೆಂಡ್ ಕಾಣಬೇಕಿದ್ದರೆ ಅರ್ಧ ಸೆಕೆಂಡಿನಲ್ಲಿ ಎಳೆದು ಮುಗಿಸಬೇಕು. ತಂಗೂಸಿ (ಗಾಳದ ನೈಲಾನ್) ದಾರ ಹಿಡಿದವರು ಒಟ್ಟಿಗೆ, ಗಟ್ಟಿಯಾಗಿ, ಒಂದೇ ಎಳೆತ. ನಮ್ಮಲ್ಲಿ 'ಹೈಸಾ' ಅಂದ ಕೂಡಲೇ ಎಳೆಯುತ್ತೇವೆ. ಬಲೆ ಎಳೆದ ಕೈಗಳಿಗೆ ಇದನ್ನು ಕಲಿಸುವುದೇ ಬೇಡ.

ಬೆಳಕು ಸೂರ್ಯನದೇ ಇರಲಿ. 240 ಫ್ರೇಮಿಗೆ ಬೆಳಕು ಜಾಸ್ತಿ ಬೇಕು. ಮನೆಯೊಳಗಿನ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಬರಿಗಣ್ಣಿಗೆ ಗೊತ್ತಾಗದಿದ್ದರೂ ಸ್ಲೋ ಮೋಷನ್ನಿನಲ್ಲಿ ಚಿತ್ರ ಪೂರ್ತಿ ಪಟಪಟ ಅನ್ನುತ್ತದೆ.

ಕಡಲತೀರದಲ್ಲಿ ಇಳಿತದ ಹೊತ್ತು ನೋಡಿಕೊಂಡು ಹೋಗಿ. ಒದ್ದೆ ಮರಳು ಸಪಾಟಾಗಿ ಉದ್ದಕ್ಕೂ ಸಿಗುತ್ತದೆ. ಫೋನನ್ನು ನೆಲಕ್ಕೆ ತಾಗಿಸಿ ಇಡಿ, ತೆಂಗಿನ ಚಿಪ್ಪಿನ ಆಸರೆ ಕೊಡಿ. ಏಡಿ ಫೋನಿನಿಂದ ಎರಡು ಅಡಿ ದೂರ, ಓಡುವ ಜನ ನೂರಾರು ಅಡಿ ಹಿಂದೆ. ಫೋಕಸ್ ಏಡಿಗಿಂತ ಸ್ವಲ್ಪ ಆಚೆಗೆ ಇರಲಿ. ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಕಡೆಗೆ ಬೆರಳು ಹೋಗಲೇಬಾರದು. ಹಿಂದೆ ಕೂರ್ಮಗಡ ನಡುಗಡ್ಡೆ ಕಂಡರೆ ಅಳತೆ ತಾನಾಗಿ ಸಿಗುತ್ತದೆ. ವಾರ್‌ಶಿಪ್ ಮ್ಯೂಸಿಯಂನ ಐಎನ್‌ಎಸ್ ಚಪಲ್ ಜೊತೆ ಏಡಿಯ ಯುದ್ಧ ಆಗಲೇಬೇಕು ಅಂತ ಹುಡುಗರು ಹಟ ಹಿಡಿಯುತ್ತಾರೆ. ರಸ್ತೆ ಕಡೆಯಿಂದ ತೆಗೆಯಿರಿ, ಯಾರಿಗೂ ತೊಂದರೆ ಇಲ್ಲ. ಆದರೆ ಅರಗಾ ಕಡೆಯ ನೌಕಾನೆಲೆಯತ್ತ ಕ್ಯಾಮೆರಾ ತಿರುಗಿಸಬೇಡಿ. ಪೊಲೀಸರಿಗೆ ಏಡಿ ಕಥೆ ವಿವರಿಸುತ್ತ ಕೂರುವುದು ಯಾರಿಗೆ ಬೇಕು.

ಏಡಿ ಕಾಣಿಸಿಕೊಳ್ಳುವ ಕ್ರಮವನ್ನು ಯಕ್ಷಗಾನದಿಂದ ಎತ್ತಿಕೊಳ್ಳಿ. ರಾಕ್ಷಸನ ಬಣ್ಣದ ವೇಷ ಸೀದಾ ರಂಗಕ್ಕೆ ನುಗ್ಗುತ್ತದಾ? ಇಲ್ಲ. ಮೊದಲು ತೆರೆಯ ಹಿಂದೆ ಆರ್ಭಟ. ಆಮೇಲೆ ಕಿರೀಟದ ತುದಿ. ತೆರೆ ಅಲ್ಲಾಡುತ್ತದೆ, ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗು ಹುಡುಕುತ್ತವೆ. ಒಳಗಿರುವುದು ಮೊನ್ನೆ ಅಂಗಡಿಯಲ್ಲಿ ಸಿಕ್ಕ ಹೆಗಡೆಯವರು ಅಂತ ದೊಡ್ಡವರಿಗೆಲ್ಲ ಗೊತ್ತು. ಆದರೂ ಎದೆ ಹೊಡೆದುಕೊಳ್ಳುತ್ತದೆ. ಗಾಡ್ಜಿಲ್ಲಾದ ಹಾಗೆ ಮನುಷ್ಯ ರಬ್ಬರ್ ಸೂಟ್ ಹಾಕಿ ಆಡುವ ದೈತ್ಯನ ಮಜವೂ ಇದೇ. ಶಿರಸಿ ಕಡೆ ರಾತ್ರಿಯಿಡೀ ಆಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀವೂ ಮೊದಲು ಮರಳಿನ ಮೇಲೆ ಹೆಜ್ಜೆ ಗುರುತು ತೋರಿಸಿ. ಆಮೇಲೆ ದೋಣಿಯ ಹಿಂದೆ ಒಂದು ಇಕ್ಕಳ. ಪೂರ್ತಿ ಏಡಿ ಅರ್ಧ ಸಿನಿಮಾ ಕಳೆದ ಮೇಲೆ. ನಟಿಸುವವರು ನಗಬಾರದು. ತಮಾಷೆ ಮಾಡುತ್ತಿದ್ದೇವೆ ಅಂತ ಕಣ್ಣು ಮಿಟುಕಿಸಿದರೆ ಬುಟ್ಟಿ ಮತ್ತೆ ಬುಟ್ಟಿಯಾಗುತ್ತದೆ.

ಏಡಿ ಯಾಕೆ ಬಂತು ಅನ್ನುವುದೂ ಇರಲಿ. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಸಿಡಿಸಿದಾಗ ಅದರ ಬೂದಿ ಜಪಾನಿನ ಒಂದು ಮೀನುಗಾರಿಕೆ ದೋಣಿಯ 23 ಜನರ ಮೇಲೆ ಬಿತ್ತು. ಅದೇ ನವೆಂಬರಿನಲ್ಲಿ 'ಗಾಡ್ಜಿಲ್ಲಾ' ಬಂತು. ಅದರ ಶುರುವಿನಲ್ಲೇ ಸಮುದ್ರದಲ್ಲಿ ಹಡಗು ಹೊತ್ತಿ ಉರಿಯುತ್ತದೆ. ಜಪಾನಿನವರಿಗೆ ಅದು ಸುಮ್ನೆ ರಬ್ಬರ್ ಆಗಿರಲಿಲ್ಲ. ನಮ್ಮ ಪಕ್ಕದಲ್ಲೇ ಕೈಗಾ ಅಣು ವಿದ್ಯುತ್ ಸ್ಥಾವರ ಇರುವುದರಿಂದ ಎಲ್ಲರೂ ಮೊದಲು ಅದನ್ನೇ ಹೇಳುತ್ತಾರೆ. ನನಗೆ ಅದು ಹಳಸಲು ಅನ್ನಿಸುತ್ತದೆ. ನಮ್ಮ ಏಡಿ ಬರುವುದು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಕಾಲದಲ್ಲಿ. ಬೋಟುಗಳೆಲ್ಲ ಬೈತಖೋಲ ಬಂದರಿನಲ್ಲಿ ಕಟ್ಟಿ ನಿಂತಿವೆ, ಸಮುದ್ರದಲ್ಲಿ ಯಾರೂ ಇಲ್ಲ. ಹಿಡಿದ ಮೀನಿನ ಲೆಕ್ಕ ಕೇಳಲು ಏಡಿಯೇ ಬರುತ್ತದೆ.

ಕೂಗಿಗೆ ಆ್ಯಪ್ ಹುಡುಕಬೇಡಿ. ಗಾಡ್ಜಿಲ್ಲಾದ ಘರ್ಜನೆಯನ್ನು ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಡಬಲ್ ಬಾಸ್ ವಾದ್ಯದ ತಂತಿಯ ಮೇಲೆ ಚರ್ಮದ ಕೈಗವಸು ಉಜ್ಜಿ ತೆಗೆದಿದ್ದರು. ನಮ್ಮದು ತುಕ್ಕು ಹಿಡಿದ ಗೇಟು ಮತ್ತು ತಗಡಿನ ಡ್ರಮ್ಮಿಗೆ ಉಜ್ಜಿದ ತೆಂಗಿನ ಸಿಪ್ಪೆ. ರೆಕಾರ್ಡ್ ಮಾಡಿ ಅರ್ಧ ವೇಗದಲ್ಲಿ ಓಡಿಸಿದರೆ ಸ್ವರ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಕಾಲು ವೇಗಕ್ಕೆ ಇಳಿಸಿದರೆ ಕಿಟಕಿ ಅದುರುತ್ತದೆ. ಹೆಜ್ಜೆ ಸಪ್ಪಳಕ್ಕೆ ಅಕ್ಕಿ ಮೂಟೆಯನ್ನು ಅಟ್ಟದ ಹಲಗೆಯ ಮೇಲೆ ಬೀಳಿಸಿ, ಫೋನನ್ನು ಕೆಳಗಿನ ಕೋಣೆಯಲ್ಲಿಡಿ.

ಎಡಿಟ್ ಮಾಡುವಾಗ ಏಡಿಯ ಯಾವ ಶಾಟನ್ನೂ ಜಾಸ್ತಿ ಹೊತ್ತು ಬಿಡಬೇಡಿ. ದಾರ ಕಾಣುವ ಮುಂಚೆ ಕತ್ತರಿಸಿ, ಓಡುವ ಜನರಿಗೆ ಹೋಗಿ, ಮತ್ತೆ ಇಕ್ಕಳಕ್ಕೆ ಬನ್ನಿ. ಎಲ್ಲೋ ಒಂದು ಕಡೆ ದಾರ ಕಂಡೇ ಕಾಣುತ್ತದೆ. ನಾನಾದರೆ ಅದನ್ನು ಹಾಗೇ ಬಿಡುತ್ತೇನೆ. ಎಳೆದ ಹುಡುಗ ತನ್ನ ಅಜ್ಜಿಗೆ ತೋರಿಸಬೇಕಲ್ಲ.