ನರಿಬೇಟೆಯ ರಿಸೀವರ್: ಅಳತೆ ಟೇಪಿನ ಆಂಟೆನಾ ಮತ್ತು ನಾಲ್ಕು ಮೆಗಾಹರ್ಟ್ಸ್ ಡಬ್ಬಿ

ಹ್ಯಾಮ್ ರೇಡಿಯೊದವರು, ಅಂದರೆ ಹವ್ಯಾಸಕ್ಕಾಗಿ ರೇಡಿಯೊ ನಡೆಸುವವರು, ಆಡುವ ಫಾಕ್ಸ್ ಹಂಟ್‌ನಲ್ಲಿ ಎಲ್ಲೋ ಬಚ್ಚಿಟ್ಟ ಪುಟ್ಟ ಟ್ರಾನ್ಸ್‌ಮಿಟರೇ ನರಿ. ನಾನು ಪಾಲಿಟೆಕ್ನಿಕ್‌ನಲ್ಲಿ ಪ್ರಯೋಗಾಲಯ ನೋಡಿಕೊಳ್ಳುವವನು. ನರಿಬೇಟೆಗೆ ಸಿದ್ಧರಾಗುವ ಹುಡುಗ ಹುಡುಗಿಯರೆಲ್ಲ ಮೊದಲು ಕೇಳುವುದು, ದೂರದ ಸಂಕೇತ ಹಿಡಿಯುವುದು ಹೇಗೆ ಎಂದು. ಅದಕ್ಕೆ ಅಷ್ಟೇನೂ ಕಷ್ಟಪಡಬೇಕಾಗಿಲ್ಲ. ನರಿಯ ಹತ್ತಿರ ಹೋದ ಮೇಲೆ ಆಂಟೆನಾ ಯಾವ ಕಡೆ ತಿರುಗಿಸಿದರೂ ಒಂದೇ ಸಮನೆ ಕೇಳಿಸುತ್ತದೆಯಲ್ಲ, ತೊಡಕು ಇರುವುದು ಅಲ್ಲಿ. ಆದ್ದರಿಂದ ಇಲ್ಲಿ ಆಂಟೆನಾಕ್ಕಿಂತ ಸಂಕೇತ ತಗ್ಗಿಸುವ ಡಬ್ಬಿಗೇ ಹೆಚ್ಚು ಜಾಗ ಕೊಡುತ್ತೇನೆ.

ನಮ್ಮಲ್ಲಿ ಬೇಟೆ ಸಾಮಾನ್ಯವಾಗಿ ಎರಡು ಮೀಟರ್ ಬ್ಯಾಂಡಿನಲ್ಲಿ, ಅಂದರೆ 144ರಿಂದ 146 ಮೆಗಾಹರ್ಟ್ಸ್ ಒಳಗೆ, ಎಫ್‌ಎಂನಲ್ಲಿ ನಡೆಯುತ್ತದೆ. ಪರವಾನಗಿ ಇದ್ದವರ ಬಳಿ ಕೈಯಲ್ಲಿ ಹಿಡಿಯುವ ಸೆಟ್ ಇದ್ದೇ ಇರುತ್ತದೆ. ಅದನ್ನೇ ರಿಸೀವರಾಗಿ ಇಟ್ಟುಕೊಳ್ಳೋಣ.

ಮೊದಲು ಆಂಟೆನಾ. ಅಮೆರಿಕದ ಡಬ್ಲ್ಯುಬಿ2ಎಚ್‌ಒಎಲ್ ಎಂಬ ಕರೆಸಂಕೇತದ ಹವ್ಯಾಸಿಯೊಬ್ಬರು ರೂಪಿಸಿದ, ಉಕ್ಕಿನ ಅಳತೆ ಟೇಪಿನ ಮೂರು ಕಡ್ಡಿಯ ಯಾಗಿ, ಅಂದರೆ ಒಂದು ದಿಕ್ಕಿನಿಂದಲೇ ಹೆಚ್ಚು ಹಿಡಿಯುವ ಆಂಟೆನಾ ಇದು. ಪೊದೆಗೆ ಸಿಕ್ಕಿಕೊಂಡರೆ ಬಾಗುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ. ಕಾಡುಪೊದೆಯ ನಡುವೆ ಓಡಾಡಲು ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ 25 ಮಿಲಿಮೀಟರ್ ಅಗಲದ ಟೇಪ್ ಕೇಳಿ ತನ್ನಿ. ಹಿಂದಿನ ಕಡ್ಡಿ 105.1 ಸೆಂಟಿಮೀಟರ್, ಮುಂದಿನದು 89.2. ನಡುವಿನದು ತಲಾ 45.1ರ ಎರಡು ತುಂಡು, ಅವೆರಡರ ಮಧ್ಯೆ ಸುಮಾರು ಎರಡೂವರೆ ಸೆಂಟಿಮೀಟರ್ ತೆರಪು. ಪಿವಿಸಿ ಪೈಪಿನ ಮೇಲೆ ಹಿಂದಿನದರಿಂದ ನಡುವಿನದಕ್ಕೆ 20.3 ಸೆಂಟಿಮೀಟರ್, ನಡುವಿನದರಿಂದ ಮುಂದಿನದಕ್ಕೆ 31.8. ಕಡ್ಡಿಗಳನ್ನು ಹೋಸ್ ಕ್ಲಿಪ್ಪಿನಿಂದ ಬಿಗಿಯಿರಿ. ಕತ್ತರಿಸಿದ ಟೇಪಿನ ತುದಿ ಬ್ಲೇಡಿನಷ್ಟೇ ಹರಿತ. ಮೂಲೆ ದುಂಡಗೆ ಕತ್ತರಿಸಿ, ಇನ್ಸುಲೇಷನ್ ಟೇಪ್ ಸುತ್ತದೆ ಯಾರ ಕೈಗೂ ಕೊಡಬೇಡಿ.

ಬೆಸುಗೆಯ ಜಾಗದಲ್ಲಿ ಹಳದಿ ಬಣ್ಣವನ್ನು ಮರಳು ಕಾಗದದಿಂದ ಉಜ್ಜಿ, ಉಕ್ಕು ಹೊಳೆಯುವ ತನಕ ಬಿಡಬೇಡಿ. ಫ್ಲಕ್ಸ್ ಹಚ್ಚಿ ಮೊದಲು ತೆಳುವಾಗಿ ಸೀಸ ಹಿಡಿಸಿ, ಆಮೇಲೆ ತಂತಿ ಸೇರಿಸಿ. ಆರ್‌ಜಿ-58 ಕೇಬಲ್ಲಿನ ಒಳತಂತಿ ಒಂದು ತುಂಡಿಗೆ, ಹೊರಜಾಲರಿ ಇನ್ನೊಂದಕ್ಕೆ. ಅದೇ ಎರಡು ಬಿಂದುಗಳಿಗೆ 12.7 ಸೆಂಟಿಮೀಟರ್ ತಂತಿಯನ್ನು ಹೇರ್‌ಪಿನ್ನಿನಂತೆ, ಕಾಲುಗಳ ನಡುವೆ 1.9 ಸೆಂಟಿಮೀಟರ್ ಅಂತರವಿರುವಂತೆ ಬಗ್ಗಿಸಿ ಹಾಕಿ. ಆಂಟೆನಾವನ್ನು ಕೇಬಲ್ಲಿಗೆ ಹೊಂದಿಸುವುದು ಈ ತಂತಿಯೇ. ಕೇಬಲ್ಲನ್ನು ಪೈಪಿಗೆ ಐದಾರು ಸುತ್ತು ಸುತ್ತಿ ಹಿಂಬದಿಗೆ ತನ್ನಿ.

ಈಗ ಡಬ್ಬಿ. ಎಫ್‌ಎಂ ರಿಸೀವರಿನ ಒಳಗಿನ ಲಿಮಿಟರ್, ಸಂಕೇತ ಒಂದು ಮಟ್ಟ ಮುಟ್ಟಿದ ಮೇಲೆ ಎಷ್ಟೇ ಬಲವಾದರೂ ಧ್ವನಿಯನ್ನು ಅಷ್ಟರಲ್ಲೇ ನಿಲ್ಲಿಸುತ್ತದೆ. ದಿಕ್ಕು ಕಿವಿಗೆ ಗೊತ್ತಾಗುವುದು ಸಂಕೇತ ಹಿನ್ನೆಲೆಯ ಸರಸರ ಸದ್ದಿನ ಜೊತೆ ಗುದ್ದಾಡುತ್ತಿರುವಾಗ ಮಾತ್ರ. ಹಾಗೆಂದು ನಡುವೆ ಬರಿಯ ರೆಸಿಸ್ಟರ್ ಹಾಕಿ ತಗ್ಗಿಸಹೊರಟರೆ, ಹತ್ತಿರ ಹೋದಾಗ ಸಂಕೇತ ಸೆಟ್ಟಿನ ಪ್ಲಾಸ್ಟಿಕ್ ಮೈಯ ಮೂಲಕವೇ ಒಳಗೆ ಬರುತ್ತದೆ. ಉಪಾಯವೆಂದರೆ ಸಂಕೇತವನ್ನೇ ಬೇರೆ ಜಾಗಕ್ಕೆ ಸರಿಸುವುದು. ನರಿ 145.500 ಮೆಗಾಹರ್ಟ್ಸ್ ಮೇಲಿದೆ ಎನ್ನೋಣ. ಡಯೋಡಿನಲ್ಲಿ ಅದಕ್ಕೆ 4 ಮೆಗಾಹರ್ಟ್ಸ್ ಬೆರೆಸಿದರೆ 149.500ರಲ್ಲಿ ಅದರ ನಕಲು ಹುಟ್ಟುತ್ತದೆ. ಬೆರೆಸುವ 4 ಮೆಗಾಹರ್ಟ್ಸ್ ಸಂಕೇತದ ಬಲ ತಗ್ಗಿಸಿದಷ್ಟೂ ನಕಲು ದುರ್ಬಲವಾಗುತ್ತದೆ. ಸೆಟ್ಟನ್ನು 149.500ಕ್ಕೆ ಇಟ್ಟು ನೀವು ಕೇಳುವುದು ನಕಲನ್ನು, ಮೈಯೊಳಗೆ ನುಸುಳಿದ ಮೂಲ ಸಂಕೇತವನ್ನಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ 4 ಮೆಗಾಹರ್ಟ್ಸ್ ಆಸಿಲೇಟರ್ ಮಾಡ್ಯೂಲ್ ಎಂದೇ ಕೇಳಿ. ನಾಲ್ಕು ಕಾಲಿನ ಲೋಹದ ಡಬ್ಬಿ ಅದು. ಬರಿಯ ಕ್ರಿಸ್ಟಲ್ ಎಂದರೆ ಎರಡು ಕಾಲಿನದು ಕೊಟ್ಟುಬಿಡುತ್ತಾರೆ, ಅದು ತಾನಾಗಿ ಆಂದೋಲಿಸುವುದಿಲ್ಲ. 9 ವೋಲ್ಟ್ ಬ್ಯಾಟರಿಯಿಂದ 7805 ರೆಗ್ಯುಲೇಟರ್ ಮೂಲಕ 5 ವೋಲ್ಟ್ ಕೊಡಿ. ಮಾಡ್ಯೂಲಿನ ಔಟ್‌ಪುಟ್ 0.01 ಮೈಕ್ರೊಫ್ಯಾರಡ್ ಕೆಪಾಸಿಟರ್ ದಾಟಿ, ತಿರುಗಿಸಿ ಹೆಚ್ಚುಕಡಿಮೆ ಮಾಡುವ ರೆಸಿಸ್ಟರಾದ 1 ಕಿಲೋ ಓಮ್ ಪಾಟ್‌ನ ಒಂದು ತುದಿಗೆ ಹೋಗಲಿ, ಪಾಟ್‌ನ ಇನ್ನೊಂದು ತುದಿ ಗ್ರೌಂಡಿಗೆ. ಪಾಟ್‌ನ ನಡುಕಾಲಿನಿಂದ 1 ಕಿಲೋ ಓಮ್ ರೆಸಿಸ್ಟರ್ ಮೂಲಕ 1ಎನ್4148 ಡಯೋಡಿನ ಒಂದು ಕಾಲಿಗೆ, ಡಯೋಡಿನ ಇನ್ನೊಂದು ಕಾಲು ಗ್ರೌಂಡಿಗೆ. ರೆಸಿಸ್ಟರ್ ಡಯೋಡಿಗೆ ಸೇರುವ ಬಿಂದುವಿಗೇ ಆಂಟೆನಾದ ಕಡೆಯಿಂದ ಒಂದು, ಸೆಟ್ಟಿನ ಕಡೆಯಿಂದ ಒಂದು, ಹೀಗೆ ಎರಡು 10 ಪಿಕೊಫ್ಯಾರಡ್ ಕೆಪಾಸಿಟರ್ ಸೇರಿಸಿ. ಇವನ್ನು ಬಿಟ್ಟು ನೇರ ಜೋಡಿಸಿದರೆ ಆಂಟೆನಾದ ಹೇರ್‌ಪಿನ್ 4 ಮೆಗಾಹರ್ಟ್ಸ್ ಅನ್ನು ಪೂರಾ ಶಾರ್ಟ್ ಮಾಡಿಬಿಡುತ್ತದೆ. ಕಾಲುಗಳನ್ನು ಗಿಡ್ಡಗೆ ಕತ್ತರಿಸಿ, ಎಲ್ಲವನ್ನೂ ಮುಚ್ಚಳ ಬಿಗಿಯಾಗಿ ಕೂರುವ ಲೋಹದ ಡಬ್ಬಿಯೊಳಗೆ ಕೂರಿಸಿ, ಆಂಟೆನಾದ ಕೇಬಲ್ಲಿಗೊಂದು, ಸೆಟ್ಟಿನ ಕೇಬಲ್ಲಿಗೊಂದು, ಹೀಗೆ ಎರಡು ಬಿಎನ್‌ಸಿ ಸಾಕೆಟ್ ಹಾಕಿ.

ಡಬ್ಬಿ ಜೋಡಿಸಿದ ಮೇಲೆ ಪಿಟಿಟಿ, ಅಂದರೆ ಮಾತಾಡಲು ಒತ್ತುವ ಗುಂಡಿ, ಒತ್ತಲೇಬಾರದು. ಡಯೋಡ್ ಸುಟ್ಟುಹೋಗುತ್ತದೆ, ಅದಕ್ಕಿಂತ ಮುಖ್ಯವಾಗಿ 149.500ರಲ್ಲಿ ಪ್ರಸಾರ ಮಾಡುವ ಹಕ್ಕು ನಮಗಿಲ್ಲ. ಸೆಟ್ಟಿನ ಮೆನುವಿನಲ್ಲಿ ಆ ಚಾನೆಲ್ಲಿನ ಪ್ರಸಾರವನ್ನು ಬಂದ್ ಮಾಡಿಡಿ. ದುರ್ಬಲ ಸಂಕೇತವನ್ನು ಮೌನಗೊಳಿಸುವ ಸ್ಕ್ವೆಲ್ಚ್ ಪೂರ್ತಿ ತೆರೆದಿರಲಿ.

ಪರೀಕ್ಷೆಗೆ ಬಯಲಿಗೆ ಹೋಗಿ. ಗೆಳೆಯರೊಬ್ಬರು ಮೈದಾನದ ಆಚೆ ಬದಿಯಿಂದ ಕನಿಷ್ಠ ಪವರ್‌ನಲ್ಲಿ, ಸೆಟ್ಟು ನೆಟ್ಟಗೆ ಹಿಡಿದು ಮಾತಾಡಲಿ. ನಿಮ್ಮ ಕಡ್ಡಿಗಳೂ ನೆಟ್ಟಗೆ ನಿಲ್ಲುವಂತೆ ಹಿಡಿಯಿರಿ. ಮಾತು ಸದ್ದಿನಲ್ಲಿ ಅರ್ಧ ಮುಳುಗುವ ತನಕ ಪಾಟ್ ಇಳಿಸಿ, ನಿಂತಲ್ಲೇ ಒಂದು ಸುತ್ತು ನಿಧಾನವಾಗಿ ತಿರುಗಿ. ಮುಂದಿನ ಕಡ್ಡಿ ಅವರತ್ತ ಇದ್ದಾಗ ಮಾತು ಸ್ಪಷ್ಟ, ಬೆನ್ನು ತಿರುಗಿಸಿದಾಗ ಬರಿಯ ಸದ್ದು. ಮುಂಬದಿಯ ಏರು ಅಗಲವಾಗಿರುತ್ತದೆ, ಹಿಂಬದಿಯ ಇಳಿತ ಕಿರಿದು. ಹಾಗಾಗಿ ನಾನು ದಿಕ್ಕನ್ನು ಗೊತ್ತುಮಾಡುವುದು ಇಳಿತದಿಂದಲೇ.

ಬೇಟೆಯ ದಿನ ಒಂದೇ ಜಾಗದಲ್ಲಿ ನಿಂತು ತೀರ್ಮಾನಕ್ಕೆ ಬರಬೇಡಿ. ಎರಡು ದೂರದ ಜಾಗಗಳಿಂದ ದಿಕ್ಕು ತೆಗೆದು ನಕ್ಷೆಯ ಮೇಲೆ ಗೆರೆ ಎಳೆಯಿರಿ. ಗೆರೆಗಳು ಲಂಬಕ್ಕೆ ಹತ್ತಿರವಾಗಿ ಕತ್ತರಿಸಿದಷ್ಟೂ ಒಳ್ಳೆಯದು. ದಿಕ್ಸೂಚಿಯನ್ನಾಗಲಿ ಮೊಬೈಲನ್ನಾಗಲಿ ಆಂಟೆನಾದ ಪಕ್ಕ ಹಿಡಿದರೆ ಟೇಪಿನ ಉಕ್ಕು ಮುಳ್ಳನ್ನು ಎಳೆದುಬಿಡುತ್ತದೆ. ದಿಕ್ಕನ್ನು ಮರಕ್ಕೋ ಕಂಬಕ್ಕೋ ಗುರಿಯಿಟ್ಟು, ಆಂಟೆನಾ ಕೆಳಗಿಟ್ಟು, ನಾಲ್ಕು ಹೆಜ್ಜೆ ಆಚೆ ಹೋಗಿ ಅಳೆಯಿರಿ. ಚಾಮುಂಡಿ ಬೆಟ್ಟದಂಥ ಬೆಟ್ಟದ ತಪ್ಪಲಲ್ಲಿ, ಎತ್ತರದ ಕಟ್ಟಡಗಳ ನಡುವೆ ಅಲೆಗಳು ಪ್ರತಿಫಲಿಸಿ ಸುಳ್ಳು ದಿಕ್ಕು ತೋರಿಸುತ್ತವೆ. ಹತ್ತು ಹೆಜ್ಜೆ ಸರಿದಾಗ ದಿಕ್ಕು ಹಠಾತ್ತನೆ ಬದಲಾದರೆ ಅದನ್ನು ನಂಬಬೇಡಿ, ಬಯಲಿಗೆ ಬಂದು ಮತ್ತೆ ನೋಡಿ.

ಪಾಟ್ ಪೂರ್ತಿ ಇಳಿಸಿದರೂ ಎಲ್ಲೆಡೆ ಜೋರಾಗಿಯೇ ಇದ್ದರೆ ನೀವು ನರಿಯ ಪಕ್ಕದಲ್ಲೇ ಇದ್ದೀರಿ. ಡಬ್ಬಿ, ಆಂಟೆನಾ ಎರಡನ್ನೂ ಕಳಚಿ, ಸೆಟ್ಟನ್ನು ಎದೆಗೆ ಒತ್ತಿ ಹಿಡಿದು, 145.500ಕ್ಕೆ ಹತ್ತು ಕಿಲೋಹರ್ಟ್ಸ್ ಆಚೀಚೆ ಟ್ಯೂನ್ ಮಾಡಿ ತಿರುಗಿ. ನಿಮ್ಮ ಮೈ ಅಡ್ಡ ಬಂದಾಗ ಸಂಕೇತ ಕುಗ್ಗಿ ಸರಸರ ಸದ್ದು ಏರುತ್ತದೆ, ಆಗ ನರಿ ನಿಮ್ಮ ಬೆನ್ನ ಹಿಂದಿದೆ. ಮೋರಿಯ ಕೆಳಗೆ, ಬೇಲಿಯ ಬುಡದಲ್ಲಿ, ಮರದ ಕವಲಿನಲ್ಲಿ ನೋಡಿ. ಸಿಕ್ಕಿದ ಮೇಲೆ ನರಿಯ ಜೊತೆಗಿರುವ ಚೀಟಿಯ ಗುರುತು ಬರೆದುಕೊಂಡು ತಕ್ಷಣ ಅಲ್ಲಿಂದ ಹೊರಡಿ. ನೀವು ನಿಂತಿರುವುದು ಕಂಡರೆ ಹಿಂದೆ ಬರುವವರ ಬೇಟೆ ಅಲ್ಲಿಗೇ ಮುಗಿಯುತ್ತದೆ.