ಹೊಸಬರಿಗೆ ಮಾರ್ಗದರ್ಶಿ: ಉಯಿಲು, ನಾಮಿನಿ, ಮಗುವಿನ ಪೋಷಕರು

ಕ್ಯಾಲಿಫೋರ್ನಿಯಾಕ್ಕೆ ಬಂದಿಳಿದು ಬಾಡಿಗೆ ಮನೆ, ಶಾಲೆ, ಲೈಸೆನ್ಸ್ ಎಂದು ಓಡಾಡುತ್ತಿರುವವರ ಮುಂದೆ ಉಯಿಲಿನ ಮಾತೆತ್ತಿದರೆ ‘ಬಿಡ್ತು ಅನ್ನಿ’ ಎನ್ನುತ್ತಾರೆ. ಆಸ್ತಿಯೇ ಇಲ್ಲವಲ್ಲ ಎಂದು ನಗುವವರೂ ಇದ್ದಾರೆ. ಆಸ್ತಿ ಇಲ್ಲದಿರಬಹುದು, ಮಗು ಇದೆಯಲ್ಲ?

ಮೊದಲು ಬರೆಯಬೇಕಾದದ್ದು ಮಗುವಿನ ವಿಷಯವನ್ನೇ. ತಂದೆತಾಯಿ ಇಬ್ಬರೂ ಇಲ್ಲವಾದರೆ ಪೋಷಕರನ್ನು ನೇಮಿಸುವುದು ನ್ಯಾಯಾಲಯ. ಉಯಿಲಿನಲ್ಲಿ ನೀವು ಸೂಚಿಸಿದ ಹೆಸರಿಗೆ ಅಲ್ಲಿ ಬೆಲೆ ಇದೆ. ಮೈಸೂರಿನ ಅಜ್ಜಿ ತಾತನ ಹೆಸರು ಬರೆಯಿರಿ, ತಪ್ಪಿಲ್ಲ. ಆದರೆ ಅವರಿಗೆ ವೀಸಾ ಸಿಗುವವರೆಗೆ ಮಗು ಯಾರ ಮನೆಯಲ್ಲಿ ಮಲಗಬೇಕು? ಹತ್ತಿರದಲ್ಲಿರುವ, ಮಗು ಗುರುತಿಸುವ ಒಬ್ಬರನ್ನು ತಾತ್ಕಾಲಿಕ ಪೋಷಕರನ್ನಾಗಿ ಸೂಚಿಸಿ. ಅವರನ್ನು ಕೇಳಿಯೇ ಬರೆಯಿರಿ.

ನಾಮಿನಿ ವಿಷಯದಲ್ಲಿ ಊರಿನ ಅಭ್ಯಾಸ ದಾರಿ ತಪ್ಪಿಸುತ್ತದೆ. ಭಾರತದ ಬ್ಯಾಂಕ್ ಖಾತೆಗೆ ನಾಮಿನಿಯಾದವರು ಹಣ ಪಡೆದು ವಾರಸುದಾರರಿಗೆ ತಲುಪಿಸಬೇಕಾದವರೇ ಹೊರತು ಒಡೆಯರಲ್ಲ. ಇಲ್ಲಿ ಕಂಪನಿಯ ಜೀವವಿಮೆಗೆ ‘ಬೆನಿಫಿಷಿಯರಿ’ ಎಂದು ಯಾರ ಹೆಸರಿದೆಯೋ ಹಣ ಅವರದು. ಉಯಿಲಿನಲ್ಲಿ ಬೇರೆ ಬರೆದಿದ್ದರೂ ನಡೆಯದು. ಮದುವೆಗೆ ಮುಂಚೆ ನಾನು ತುಂಬಿದ ಫಾರಂನಲ್ಲಿ ಅಮ್ಮನ ಹೆಸರಿತ್ತು. ಆರು ವರ್ಷದ ಮೇಲೆ ಅದು ನನ್ನ ಹೆಂಡತಿಯ ಕಣ್ಣಿಗೆ ಬಿತ್ತು. ಅವಳು ಏನೂ ಅನ್ನಲಿಲ್ಲ, ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ ಎದ್ದುಹೋದಳು. ನಿಮ್ಮ ಫಾರಂ ಇವತ್ತೇ ನೋಡಿಕೊಳ್ಳಿ.

ಮನೆ ಕೊಂಡ ಮೇಲೆ ಬರಿಯ ಉಯಿಲು ಸಾಲದು, ಅದಿದ್ದರೂ ಪ್ರೊಬೇಟ್, ಅಂದರೆ ಸತ್ತವರ ಆಸ್ತಿಯನ್ನು ನ್ಯಾಯಾಲಯದ ಮೂಲಕ ಹಂಚುವ ಪ್ರಕ್ರಿಯೆ, ಎದುರಾಗಬಹುದು. ಹತ್ತು ಲಕ್ಷ ಡಾಲರಿನ ಮನೆಗೆ ವಕೀಲರ ನಿಗದಿತ ಶುಲ್ಕವೇ 23,000 ಡಾಲರ್. ಲೆಕ್ಕ ಹಾಕುವಾಗ ಗೃಹಸಾಲವನ್ನು ಕಳೆಯುವುದಿಲ್ಲ. ಬದುಕಿರುವಾಗಲೇ ಆಸ್ತಿಯನ್ನು ಇಡಲು ಮಾಡುವ ಲಿವಿಂಗ್ ಟ್ರಸ್ಟ್ ಇದನ್ನು ತಪ್ಪಿಸುತ್ತದೆ, ಮನೆಯ ಪತ್ರವನ್ನು ಟ್ರಸ್ಟ್ ಹೆಸರಿಗೆ ಬದಲಾಯಿಸಿದರೆ ಮಾತ್ರ. ಬದಲಾಯಿಸದ ಟ್ರಸ್ಟ್ ಖಾಲಿ ಪೆಟ್ಟಿಗೆಗೆ ಹಾಕಿದ ಬೀಗ.

ಇನ್ನು ತೆರಿಗೆ. ಭಾರತದಲ್ಲಿ ಎಸ್ಟೇಟ್ ಡ್ಯೂಟಿ, ಅಂದರೆ ಸತ್ತವರ ಆಸ್ತಿಯ ಮೇಲಿನ ತೆರಿಗೆ, 1985ರಲ್ಲೇ ರದ್ದಾಯಿತು. ಅಮೆರಿಕದಲ್ಲಿ, ಕಾಯಂ ನೆಲೆಸುವ ಉದ್ದೇಶವಿಲ್ಲದ ವಿದೇಶಿಯರೆಂದು ನಿಮ್ಮನ್ನು ಪರಿಗಣಿಸಿದರೆ, ಇಲ್ಲಿನ ಆಸ್ತಿಗೆ ಅಂಥ ತೆರಿಗೆಯಿಂದ ವಿನಾಯಿತಿ 60,000 ಡಾಲರ್ ಮಾತ್ರ. ವೀಸಾ ಮೇಲಿರುವವರು ವಕೀಲರನ್ನು ಇದನ್ನು ಕೇಳಲೇಬೇಕು.

ಊರಿನ ಸೈಟು, ತೋಟಕ್ಕೆ ಬೇರೆಯೇ ಉಯಿಲು ಮಾಡುವುದು ಒಳ್ಳೆಯದು. ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲ. ಹಿಂದೂ ಪುರುಷ ಉಯಿಲಿಲ್ಲದೆ ತೀರಿಕೊಂಡರೆ ಅವನ ಸ್ವಯಾರ್ಜಿತ ಆಸ್ತಿಯಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ ಮಕ್ಕಳ ಜೊತೆ ತಾಯಿಗೂ ಸಮಪಾಲು. ತಂದೆ ಆ ಸಾಲಿನಲ್ಲಿಲ್ಲ. ತಮ್ಮನಿಗೆ ಬರೆದುಕೊಟ್ಟ ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಸಾಮಾನ್ಯವಾಗಿ ನಿಮ್ಮ ಜೊತೆಗೇ ಮುಗಿಯುತ್ತದೆ. ಆಮೇಲೆ ಪೌತಿ ಖಾತೆಗೆ, ಅಂದರೆ ಸತ್ತವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅಲೆಯುವವರು ಹೆಂಡತಿ ಮಕ್ಕಳು. ಪಹಣಿ, ಕ್ರಯಪತ್ರ, ಖಾತೆಯ ನಕಲುಗಳನ್ನು ಒಂದೇ ಕಡತದಲ್ಲಿಡಿ, ಅದು ಎಲ್ಲಿದೆಯೆಂದು ಮನೆಯವರಿಗೆ ತಿಳಿಸಿ.

ಒಂದು ಎಚ್ಚರಿಕೆ: ಇಲ್ಲಿನ ಉಯಿಲಿನ ಸಿದ್ಧ ನಮೂನೆಗಳಲ್ಲಿ ‘ಹಿಂದಿನ ಉಯಿಲುಗಳನ್ನೆಲ್ಲ ರದ್ದುಪಡಿಸಿದ್ದೇನೆ’ ಎಂಬ ಸಾಲು ಸಾಮಾನ್ಯ. ಊರಿನಲ್ಲಿ ಮಾಡಿಟ್ಟದ್ದೂ ಅದರಲ್ಲಿ ಕೊಚ್ಚಿಹೋಗಬಹುದು. ಸಹಿ ಹಾಕುವ ಮೊದಲು ‘ಭಾರತದ ಆಸ್ತಿಯ ಉಯಿಲನ್ನು ಹೊರತುಪಡಿಸಿ’ ಎಂದು ಸೇರಿಸಿಕೊಳ್ಳಿ.