ತಂತಿಯೇ ಇಲ್ಲದ ತಂತಿವಾದ್ಯ

ರೆಡಿಮೇಡ್ ಸಾಫ್ಟ್‌ವೇರ್ ವಾದ್ಯಗಳಲ್ಲಿ ಸಾವಿರಾರು ಸದ್ದುಗಳಿರುತ್ತವೆ. ಒಂದೊಂದನ್ನೇ ಕೇಳುತ್ತಾ ಕೂತರೆ ಹೊತ್ತು ಹೋಗುತ್ತದೆ, ಸಂಗೀತ ಹುಟ್ಟಲ್ಲ. ಅದಕ್ಕೇ ನನ್ನದೇ ಒಂದು ವಾದ್ಯ ಕಟ್ಟಿಕೊಂಡೆ. ಬಳಸಿದ್ದು ಪ್ಯೂರ್ ಡೇಟಾ ಅನ್ನುವ ಸಾಫ್ಟ್‌ವೇರ್. ಮಿಲ್ಲರ್ ಪಕೆಟ್ 1990ರ ದಶಕದಲ್ಲಿ ರೂಪಿಸಿದ್ದು, ಪುಕ್ಕಟೆ ಸಿಗುತ್ತದೆ. ಪರದೆ ಮೇಲೆ ಡಬ್ಬಿಗಳನ್ನಿಟ್ಟು ಗೆರೆ ಎಳೆದು ಜೋಡಿಸುತ್ತಾ ಹೋಗುವುದು, ಅಷ್ಟೇ.

ನನ್ನ ವಾದ್ಯದ ಒಳಗಿರುವ ಉಪಾಯ ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸ್ ಸ್ಟ್ರಾಂಗ್ 1983ರಲ್ಲಿ ಪ್ರಕಟಿಸಿದ್ದು. 'ಸ್ಸ್' ಅನ್ನುವ ಒಂದು ಚೂರು ಸದ್ದನ್ನು ಡಿಲೇಗೆ (ಸದ್ದನ್ನು ತುಸು ತಡೆದು ಹೊರಬಿಡುವ ಡಬ್ಬಿಗೆ) ಹಾಕಿ, ಹೊರಬಂದದ್ದನ್ನು ಮತ್ತೆ ಒಳಗೆ ಬಿಡಬೇಕು. ಪ್ರತಿ ಸುತ್ತಿನಲ್ಲೂ ಅಕ್ಕಪಕ್ಕದ ಎರಡು ಸ್ಯಾಂಪಲ್‌ಗಳ (ಸದ್ದನ್ನು ಅಳೆದ ಬಿಡಿ ಅಂಕಿಗಳ) ಸರಾಸರಿ ತೆಗೆಯಬೇಕು. ಚೂಪೆಲ್ಲ ಸವೆದು, ಮೀಟಿದ ತಂತಿಯ ನಾದವೇ ಕೇಳುತ್ತದೆ! ಸುತ್ತು ಉದ್ದವಾದಷ್ಟೂ ಸ್ವರ ಕೆಳಗೆ. ಸೆಕೆಂಡಿಗೆ 44,100 ಸ್ಯಾಂಪಲ್ ಇದ್ದಾಗ, 220 ಹರ್ಟ್ಸ್ ಬೇಕಿದ್ದರೆ ಸುತ್ತು ಸುಮಾರು 200 ಸ್ಯಾಂಪಲ್.

ಆದರೆ ಮೇಲಕ್ಕೆ ಹೋಗುತ್ತಾ 689 ಹರ್ಟ್ಸ್ ಹತ್ತಿರ ತಂತಿ ನಿಂತುಬಿಟ್ಟಿತು. ಪ್ಯೂರ್ ಡೇಟಾ ಸದ್ದನ್ನು 64 ಸ್ಯಾಂಪಲ್‌ಗಳ ಕಟ್ಟು ಕಟ್ಟಿ ಲೆಕ್ಕ ಹಾಕುತ್ತದೆ. ಸುತ್ತು ಅದಕ್ಕಿಂತ ಚಿಕ್ಕದಾಗಲ್ಲ. ತಂತಿಯ ಭಾಗವನ್ನು ಮಾತ್ರ ಬೇರೆ ಸಬ್‌ಪ್ಯಾಚ್‌ಗೆ (ಜೋಡಣೆಯೊಳಗಿನ ಪುಟ್ಟ ಜೋಡಣೆಗೆ) ಹಾಕಿ, ಅಲ್ಲಿ ಕಟ್ಟಿನ ಗಾತ್ರ 1 ಮಾಡಿದೆ. ಪ್ರೊಸೆಸರಿಗೆ ಹೊರೆ ಜಾಸ್ತಿಯಾಯಿತು, ಮೇಲಿನ ಸ್ವರಗಳು ಸಿಕ್ಕವು.

ನಿಜವಾದ ಮಜಾ ಇದ್ದದ್ದು ಮುಂದೆ. ಕಂಪ್ಯೂಟರ್ ಹುಟ್ಟಿಸುವ 'ಸ್ಸ್' ತೆಗೆದು, ಮರದ ಹಲಗೆಗೆ ಒಂದು ಪೀಜೋ ಬಿಲ್ಲೆ, ಅಂದರೆ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಬಿಲ್ಲೆ, ಅಂಟಿಸಿದೆ. ಈಗ ಹಲಗೆಯ ಮೇಲಿನ ಪ್ರತಿ ಸ್ಪರ್ಶವೂ ತಂತಿಯನ್ನು ಮೀಟುತ್ತದೆ. ಬೆರಳಿಂದ ತಟ್ಟಿದರೆ ಮೊಂಡು ಸ್ವರ. ಉಗುರಲ್ಲಿ ಕೆರೆದರೆ ಕಮಾನು ಎಳೆದ ಹಾಗೆ. ಬಟ್ಟೆಯಿಂದ ಸುಮ್ನೆ ಒರೆಸಿದರೂ ತಂತಿ ಗುಂಯ್ ಅನ್ನುತ್ತದೆ. ಯಾವ ರೆಡಿಮೇಡ್ ಪ್ರಿಸೆಟ್‌ನಲ್ಲಿ ಇದು ಸಿಗುತ್ತದೆ ಹೇಳಿ?

ಸ್ವರ ಜಾರಿಸಲು ಮಿಡಿ ನಾಬ್, ಅಂದರೆ ಕಂಪ್ಯೂಟರಿಗೆ ಅಂಕಿ ಕಳಿಸುವ ತಿರುಗಿಸುವ ಗುಂಡಿ, ಇಟ್ಟೆ. ಅದರಲ್ಲಿರುವುದು 0ಯಿಂದ 127ರವರೆಗಿನ ಮೆಟ್ಟಿಲುಗಳು, ಕಿವಿಗೆ ಚೆನ್ನಾಗಿಯೇ ಗೊತ್ತಾಗುತ್ತವೆ. ಪ್ರತಿ ಬದಲಾವಣೆಯನ್ನೂ 20 ಮಿಲಿಸೆಕೆಂಡಿನಷ್ಟು ಹರಡಿದ ಮೇಲೆ ಜಾರು ನುಣ್ಣಗಾಯಿತು.

ಇಷ್ಟಾದ ಮೇಲೆ ಸಂಯೋಜನೆಯ ಅರ್ಧ ಕೆಲಸ ವಾದ್ಯವೇ ಮಾಡಿತು. ಮೇಲಿನ ಸ್ವರದ ಸುತ್ತು ಚಿಕ್ಕದು, ಸೆಕೆಂಡಿಗೆ ಹೆಚ್ಚು ಸಲ ಸರಾಸರಿಗೆ ಸಿಕ್ಕಿ ಬೇಗ ಆರುತ್ತದೆ. ಕೆಳಗಿನದು ತುಂಬಾ ಹೊತ್ತು ಉಳಿಯುತ್ತದೆ. ಇದನ್ನು ಸರಿಪಡಿಸುವ ದಾರಿ ಇದೆ, ನನಗೆ ಬೇಕಿರಲಿಲ್ಲ. ಕೆಳಗಿನ ತಂತಿಗಳನ್ನು ಅಪರೂಪಕ್ಕೆ ತಟ್ಟಿ ಮೊಳಗಲು ಬಿಟ್ಟೆ, ಮೇಲಿನವನ್ನು ಉಗುರಲ್ಲಿ ಬಿಡದೆ ಕೆರೆಯುತ್ತಾ ಹೋದೆ. ಕೃತಿಯ ಲಯ ಬಂದದ್ದು ಅಲ್ಲಿಂದಲೇ.